ಒಟ್ಟು ಎಂಟು

ನಿನ್ನೆ ಸಂಜೆ ಎದುರು ಮನೆಯವರು ಕಾಫಿಗೆ ಬಂದಿದ್ದಾಗ ನಮ್ಮ ಯಜಮಾನರು ಆ ಕಥೆಯನ್ನು ಏಳನೆಯ ಸಲ ಹೇಳಿದರು. "ಇವಳು ಫ್ಲಾರೆನ್ಸಿನಲ್ಲಿ ಕಳೆದುಹೋಗಿದ್ದಳು" ಎಂದೇ ಶುರು. ಎದುರು ಮನೆಯಾಕೆ ನನ್ನತ್ತ ತಿರುಗಿದ ನೋಟದಲ್ಲಿ, ಜಾತ್ರೆಯಲ್ಲಿ ಅಪ್ಪನ ಬೆರಳು ಬಿಟ್ಟ ಮಗುವನ್ನು ಕಂಡಾಗಿನ ಕನಿಕರವಿತ್ತು. ನಾನು ಚಕ್ಕುಲಿ ತಟ್ಟೆಯನ್ನು ಸ್ವಲ್ಪ ಸಪ್ಪಳ ಮಾಡಿಯೇ ಇಟ್ಟೆ.

ನಾನು ಕಳೆದುಹೋಗಿರಲಿಲ್ಲ. ಇರಬೇಕಾದ ಜಾಗದಲ್ಲಿ, ಇರಬೇಕಾದ ಹೊತ್ತಿಗೆ ನನ್ನೆರಡು ಕಾಲುಗಳ ಮೇಲೆ ನಿಂತಿದ್ದೆ. ಹೋದದ್ದು ವ್ಯಾನು. ಅದರೊಳಗಿನ ತಲೆಗಳನ್ನು ಎಣಿಸಿ, ಲೆಕ್ಕ ಸರಿಯಾಯಿತೆಂದು ಬಾಗಿಲು ಹಾಕಿಸಿದವರು ಈ ಮಹನೀಯರು. ಹಡಗು ತಪ್ಪಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ; ಅವರ ಹಾಗೆ ಕೇಳುವವರ ಎದೆಬಡಿತ ಏರಿಸುವ ಚಪಲ ನನಗಿಲ್ಲ.

ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ನಗದು ಎಣಿಸಿ ನಿವೃತ್ತರಾದವರು ನಮ್ಮವರು. ಮನೆಗೆ ಬಂದ ಬಾಳೆಹಣ್ಣಿನ ಚಿಪ್ಪು, ಮದುವೆಗೆ ಹೊರಟ ಟೆಂಪೊದಲ್ಲಿನ ನೆಂಟರು, ಶ್ರಾದ್ಧಕ್ಕೆ ಹಾಕಿದ ಎಲೆ, ಎಲ್ಲವೂ ಎಣಿಕೆಯಾಗಿ 'ಟ್ಯಾಲಿ' ಆಗಬೇಕು. ಎಣಿಸುವ ಮುಂಚೆ ಬಲಗೈ ಹೆಬ್ಬೆರಳನ್ನು ನಾಲಿಗೆಯ ತುದಿಗೆ ಒಮ್ಮೆ ತಾಗಿಸಿಕೊಳ್ಳುತ್ತಾರೆ. ನೋಟಾದರೆ ಸರಿ, ಮನುಷ್ಯರನ್ನು ಎಣಿಸುವಾಗಲೂ ಅದೇ. ಹಿಂದೊಮ್ಮೆ ಧರ್ಮಸ್ಥಳಕ್ಕೆ ಹೊರಟಾಗ ನನ್ನ ಸೋದರತ್ತೆ, "ಇವನು ನಮ್ಮನ್ನು ಎಣಿಸುತ್ತಾನೋ ನೆಕ್ಕುತ್ತಾನೋ?" ಎಂದು ಕೇಳಿಯೇಬಿಟ್ಟಿದ್ದರು.

ಮದುವೆಯ ನಲವತ್ತನೆಯ ವರ್ಷಕ್ಕೆಂದು ಮ್ಯೂನಿಕ್‌ನಲ್ಲಿರುವ ಮಗ ನಮ್ಮನ್ನು ಏಳು ದಿನದ ಹಡಗು ಪ್ರವಾಸಕ್ಕೆ ಕಳುಹಿಸಿದ. ಹಡಗಿನ ವೇಳಾಪಟ್ಟಿಯಲ್ಲಿ 'ಫ್ಲಾರೆನ್ಸ್' ಎಂದು ದಪ್ಪ ಅಕ್ಷರದಲ್ಲಿತ್ತು. ಬೆಳಿಗ್ಗೆ ಬಾಲ್ಕನಿಗೆ ಬಂದು ನೋಡಿದರೆ ಕ್ರೇನುಗಳು, ಕಂಟೇನರುಗಳ ಬೆಟ್ಟ. ಅದು ಇಟಲಿಯ ಲಿವೊರ್ನೊ ಬಂದರು. ಫ್ಲಾರೆನ್ಸಿಗೂ ಸಮುದ್ರಕ್ಕೂ ಸಂಬಂಧವೇ ಇಲ್ಲ, ಅಲ್ಲಿಂದ ಸುಮಾರು 90 ಕಿಲೋಮೀಟರ್ ಒಳಗಿದೆ. ಮೈಸೂರು ತೋರಿಸುತ್ತೇವೆಂದು ಕರೆದು ಚನ್ನಪಟ್ಟಣದಲ್ಲಿ ಇಳಿಸಿದ ಹಾಗೆ. 'ರೋಮ್' ಎಂದು ಬರೆದ ದಿನವೂ ಹೀಗೆಯೇ ಚಿವಿಟವೆಕ್ಕಿಯ ಎಂಬ ಊರಿನಲ್ಲಿ ಇಳಿಸಿದ್ದರು. ಆ ಹೆಸರನ್ನು ಉಚ್ಚರಿಸಲು ಕಲಿಯುವಷ್ಟರಲ್ಲಿ ರೋಮ್ ಬಂದಿತ್ತು.

ಬಂದರಿನಿಂದ ಊರು ನೋಡಲು ಎರಡು ದಾರಿ. ಹಡಗಿನವರದೇ ಐವತ್ತು ಜನರ ಬಸ್ಸು ಒಂದು: ಎದೆಗೆ ನಂಬರಿನ ಚೀಟಿ, ಕಿವಿಗೆ ಯಂತ್ರ, ಮುಂದೆ ಕೋಲು ಎತ್ತಿಕೊಂಡು ನಡೆಯುವ ಮಾರ್ಗದರ್ಶಿ, ಹಿಂದೆ ಕುರಿಮಂದೆ. ಇನ್ನೊಂದು, ಹೊರಗಿನವರ ಎಂಟು ಜನರ ವ್ಯಾನು, ಅಂದರೆ 'ಸಣ್ಣ ಗುಂಪು'. ಮಗ ಸಣ್ಣ ಗುಂಪಿಗೆ ದುಡ್ಡು ಕಟ್ಟಿದ್ದ. ಕಟ್ಟಿ ಸುಮ್ಮನಿರದೆ ಫೋನಿನಲ್ಲಿ ಅಪ್ಪನಿಗೆ ಒಂದು ಮಾತು ಸೇರಿಸಿದ: "ಹಡಗಿನವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಿಮ್ಮ ವ್ಯಾನು ತಡವಾದರೆ ಕಾಯುವುದಿಲ್ಲ." ಆ ಒಂದು ಮಾತು ಇವರೊಳಗಿನ ಕ್ಯಾಶಿಯರನ್ನು ನಿದ್ದೆಯಿಂದ ಎಬ್ಬಿಸಿತು. ಸಂಜೆ ಆರೂವರೆಯೊಳಗೆ ಹಡಗು ಹತ್ತಬೇಕಿತ್ತು. ಬೆಳಿಗ್ಗೆ ಎಂಟಕ್ಕೇ ಇವರು ಆರೂವರೆಯ ಮುಖ ಹಾಕಿಕೊಂಡು ಕೆಳಗಿಳಿದರು.

ವ್ಯಾನಿನ ಬಳಿ ಚಾಲಕ ನಮ್ಮನ್ನೆಲ್ಲ ನೋಡಿ ಬೆರಳು ಆಡಿಸುತ್ತ "ಒಟ್ಟೊ" ಎಂದ. ಇಟಾಲಿಯನ್ನಿನಲ್ಲಿ ಹಾಗೆಂದರೆ ಎಂಟು. ಇವರಿಗೆ ಕೇಳಿಸಿದ್ದು 'ಒಟ್ಟು'. "ಒಟ್ಟು ಎಂಟು ಜನ!" ಎಂದು ಖುಷಿಯಿಂದ ಕನ್ನಡದಲ್ಲೇ ಉತ್ತರಿಸಿದರು. "ಸಿ, ಸಿ, ಒಟ್ಟೊ" ಎಂದ ಅವನು. ಇಬ್ಬರಿಗೂ ಲೆಕ್ಕ ಹೊಂದಿತು. ಅಲ್ಲಿಂದಾಚೆಗೆ ಎಣಿಸುವ ಹುದ್ದೆಯನ್ನು ಯಾರೂ ಕೊಡದೆ ಇವರೇ ವಹಿಸಿಕೊಂಡರು. ನಾವಿಬ್ಬರು, ಚೆನ್ನೈನ ದಂಪತಿ, ಕೆನಡಾದ ತಾಯಿ ಮಗಳು, ಆಸ್ಟ್ರೇಲಿಯಾದ ಇಬ್ಬರು ವೃದ್ಧ ಸೋದರರು. ನಮ್ಮವರಿಗೆ ವಾಂತಿಯ ಭಯ, ಹಾಗಾಗಿ ಮುಂದಿನ ಸೀಟು. ನನಗೆ ಹಿಂದಿನ ಸಾಲಿನ ಮೂಲೆ, ಪಕ್ಕದಲ್ಲಿ ಕೂತೊಡನೆ ನಿದ್ದೆ ಹೋಗುವ ಚೆನ್ನೈನ ಮಾಮಿ.

ಫಿರೆಂಜೆ (ಫ್ಲಾರೆನ್ಸಿಗೆ ಅಲ್ಲಿಯವರ ಹೆಸರು), ಪೀಸಾ, ಲಿವೊರ್ನೊ ಮೂರನ್ನೂ ಜೋಡಿಸುವ ಹೆದ್ದಾರಿಯ ಹೆಸರು 'ಫಿ-ಪಿ-ಲಿ'. ಸತ್ಯವಾಗಿಯೂ! ಫಲಕದ ಮೇಲೆಯೇ ಹಾಗೆ ಬರೆದಿದೆ, ಹಲ್ಲು ಬಾರದ ಮಗು ಹೆಸರಿಟ್ಟಂತೆ. ಅಲ್ಲಿಯ ಕಾನೂನಿನ ಪ್ರಕಾರ ಸ್ಮಾರಕಗಳ ಮುಂದೆ ನಿಂತು ವಿವರಿಸಲು ಪರವಾನಗಿ ಪಡೆದ ಮಾರ್ಗದರ್ಶಿಯೇ ಆಗಬೇಕು. ನಮ್ಮವನು ಬರಿಯ ಚಾಲಕ. ಆದ್ದರಿಂದ ವ್ಯಾನಿನೊಳಗೆ ವಾಗ್ದೇವಿಯ ವರಪುತ್ರ, ಕೆಳಗಿಳಿದು ಕಾಲು ನೆಲಕ್ಕೆ ತಾಗಿದೊಡನೆ ಮೌನಿಬಾಬಾ. ಪೀಸಾದ ಗೋಪುರವನ್ನು 1173ರಲ್ಲಿ ಕಟ್ಟಲು ಶುರುಮಾಡಿದ್ದು, ಮೂರನೆಯ ಅಂತಸ್ತು ಏರುವಾಗಲೇ ವಾಲಿದ್ದು, ಬಿದ್ದೇಬಿಡುತ್ತದೆಂದು 1990ರಲ್ಲಿ ಬಾಗಿಲು ಹಾಕಿ, ಒಂದು ಪಕ್ಕದ ಮಣ್ಣನ್ನು ಚೂರುಚೂರೇ ತೆಗೆದು ಅರ್ಧ ಮೀಟರಿಗೆ ಸ್ವಲ್ಪ ಕಡಿಮೆ ನೆಟ್ಟಗೆ ಮಾಡಿ, 2001ರಲ್ಲಿ ಮತ್ತೆ ತೆರೆದದ್ದು, ಇಷ್ಟನ್ನೂ ಅವನು ನಿಲುಗಡೆ ಬರುವುದರೊಳಗೆ ಉಸಿರು ಬಿಡದೆ ಹೇಳಿ ಮುಗಿಸಿದ. ಇಳಿದ ಮೇಲೆ "ನಲವತ್ತು ನಿಮಿಷ" ಎಂದದ್ದೇ ಕೊನೆಯ ಮಾತು.

ಆ ನಲವತ್ತು ನಿಮಿಷದಲ್ಲಿ ನಾನು ಕೆಂಪು ರಿಬ್ಬನ್ನಿನ ಒಂದು ಹುಲ್ಲಿನ ಟೋಪಿ ಕೊಂಡೆ. ಮಾಮಿಯೂ ಕೊಂಡರು, ಕೆನಡಾದ ತಾಯಿಯೂ. ಅಂದು ಹಡಗಿನಿಂದ ಬಂದಿದ್ದ ಹೆಂಗಸರಲ್ಲಿ ಅರ್ಧದಷ್ಟು ಜನ ಅದನ್ನೇ ಕೊಂಡಿರಬೇಕು. ಟೋಪಿಯ ವಿಚಾರ ಮುಂದೆ ಬರುತ್ತದೆ.

ಇವರು ಗೋಪುರವನ್ನು ಕಣ್ಣೆತ್ತಿ ನೋಡಿದ್ದು ಎರಡು ನಿಮಿಷ. ಮಿಕ್ಕ ಹೊತ್ತೆಲ್ಲ ನಮ್ಮ ಮೇಲೆ ನಿಗಾ. ಹೊರಡುವಾಗ ಮುಂದಿನ ಸೀಟಿನಲ್ಲಿ ಕೂತು, ಹೆಬ್ಬೆರಳು ನಾಲಿಗೆಗೆ ತಾಗಿಸಿ, ತಿರುಗಿ ಎಣಿಸಿದರು: ಏಳು. ಮತ್ತೊಮ್ಮೆ ಎಣಿಸಿದರು. ಏಳೇ. ಮುಖ ಬಿಳಿಚಿಕೊಂಡಿತು. ವ್ಯಾನಿನಿಂದ ಇಳಿದು ಅಂಗಡಿ ಸಾಲಿನತ್ತ ಓಡಿಯೇಬಿಟ್ಟರು. ಈಗ ನಿಜವಾಗಿ ಏಳು ಜನ ಉಳಿದೆವು. ಹೊಳೆ ದಾಟಿದ ಹತ್ತು ಜನ ಮೂಢರು ತಮ್ಮನ್ನು ಬಿಟ್ಟು ಎಣಿಸಿ, ಒಬ್ಬ ಮುಳುಗಿದನೆಂದು ದಡದಲ್ಲಿ ಅತ್ತ ಕಥೆಯನ್ನು ಇವರೇ ನಮ್ಮ ಮಗನಿಗೆ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದವರು. ಬೆವರು ಒರೆಸಿಕೊಂಡು ಬಂದಾಗ, "ಎಂಟನೆಯವರು ನೀವೇ" ಎಂದೆ. ಕೋಪ ಬಂತು. "ಗೊತ್ತಿತ್ತು, ಖಾತ್ರಿ ಮಾಡಿಕೊಂಡೆ" ಎಂದರು. ಹತ್ತು ನಿಮಿಷ ಫಿ-ಪಿ-ಲಿ ಪಾಲು.

ಫ್ಲಾರೆನ್ಸಿನ ಹೊರವಲಯದಲ್ಲಿ ಒಂದು ಸೇತುವೆಯನ್ನು ತೋರಿಸಿ ಚಾಲಕ, "ಇದು ನಿಮ್ಮವನ ಹೆಸರಿನದು" ಎಂದ. ಇಂಡಿಯಾನೊ ಸೇತುವೆ. ಕೊಲ್ಹಾಪುರದ ರಾಜಾರಾಮ ಮಹಾರಾಜರು ಇಂಗ್ಲೆಂಡಿನಿಂದ ಊರಿಗೆ ಮರಳುವ ದಾರಿಯಲ್ಲಿ 1870ರಲ್ಲಿ ಈ ಊರಿನಲ್ಲಿ ತೀರಿಕೊಂಡರಂತೆ, ವಯಸ್ಸು ಇಪ್ಪತ್ತೋ ಇಪ್ಪತ್ತೊಂದೋ. ಮುನ್ಯೊನೆ ಎಂಬ ಹೊಳೆ ಆರ್ನೊ ನದಿಯನ್ನು ಕೂಡುವಲ್ಲಿ, ಸಂಗಮವೆಂದೇ ಹುಡುಕಿ ದಹನ ಮಾಡಿದರು. ಅಲ್ಲಿ ಛತ್ರಿಯ ಕೆಳಗೆ ಬಣ್ಣ ಹಚ್ಚಿದ ಪ್ರತಿಮೆಯೊಂದಿದೆ. ನಿಲ್ಲಿಸುತ್ತೀರಾ ಎಂದೆ. "ಸಮಯವಿಲ್ಲ" ಎಂದವರು ಚಾಲಕನಲ್ಲ.

ಊರೊಳಗೆ ನಾವು ನೋಡಿದ್ದನ್ನು ನೋಡಿದ್ದು ಎನ್ನಲು ನನಗೆ ಸಂಕೋಚ. ಕತೀಡ್ರಲ್ಲಿನ ಕೆಂಪು ಗುಮ್ಮಟಕ್ಕೆ ಕುತ್ತಿಗೆ ಎತ್ತಿದೆವು. 463 ಮೆಟ್ಟಿಲು, ಹತ್ತಲಿಲ್ಲ. ನಲವತ್ತು ಲಕ್ಷಕ್ಕೂ ಹೆಚ್ಚು ಇಟ್ಟಿಗೆ ಎಂದು ಚಾಲಕ ಹೇಳಿದ್ದನ್ನು ನೆನೆದು ಇವರು, "ಯಾರು ಎಣಿಸಿದರೋ!" ಎಂದು ಗೌರವದಿಂದ ನಿಟ್ಟುಸಿರಿಟ್ಟರು. 1397ರಲ್ಲಿ ಮೆಡಿಚಿ ಮನೆತನ ಬ್ಯಾಂಕು ತೆರೆದ ಊರಿದು ಎಂದು ತಿಳಿದಾಗ ಮಾತ್ರ ಐದು ನಿಮಿಷ ಗಡಿಯಾರ ಮರೆತರು. ಪೊಂಟೆ ವೆಕ್ಕಿಯೊ ಸೇತುವೆಯ ಮೇಲೆ ಮೊದಲು ಇದ್ದದ್ದು ಕಸಾಯಿಗಳ ಅಂಗಡಿಗಳು. ನಾತ ತಾಳಲಾರದೆ ಅರಸ 1593ರಲ್ಲಿ ಅವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ತಂದನಂತೆ. ಅಲ್ಲಿ ನನ್ನ ಕಣ್ಣು ಒಂದು ಜೊತೆ ಓಲೆಯ ಮೇಲೆ ಬೀಳುವಷ್ಟರಲ್ಲಿ ಹಿಂದಿನಿಂದ "ಐದು, ಆರು..." ಕೇಳಿಸಿತು.

ಅಂದು ಸೋಮವಾರ. ಮೈಕೆಲಾಂಜೆಲೊ ಕೆತ್ತಿದ ಡೇವಿಡ್ ಪ್ರತಿಮೆ ಇರುವ ಅಕಾಡೆಮಿಯಾ ಸಂಗ್ರಹಾಲಯಕ್ಕೆ ವಾರದ ರಜೆ. ಚೌಕದಲ್ಲಿ ನಿಲ್ಲಿಸಿರುವ ಅಮೃತಶಿಲೆಯ ನಕಲನ್ನೇ ನೋಡಿದೆವು. ನಾನು ಪೆಚ್ಚಾದೆ. "ಎತ್ತರ ಅದೇ, ರೂಪ ಅದೇ, ಇನ್ನೇನು ಬೇಕು?" ಎಂದರು ಇವರು. ಖೋಟಾ ನೋಟನ್ನು ಬೆರಳ ತುದಿಯಲ್ಲೇ ಹಿಡಿಯುತ್ತಿದ್ದೆನೆಂದು ಜಂಬ ಕೊಚ್ಚುವ ಮನುಷ್ಯ!

ಕೊನೆಯ ನಿಲುಗಡೆ ಪಿಯಾಜ್ಜಾಲೆ ಮೈಕೆಲಾಂಜೆಲೊ, ಊರಿನ ಎದುರಿಗಿರುವ ಗುಡ್ಡದ ಮೇಲಿನ ವಿಶಾಲವಾದ ಕಟ್ಟೆ. ನಡುವೆ ಇನ್ನೊಬ್ಬ ಡೇವಿಡ್, ಇವನು ಕಂಚಿನವನು. ಇಪ್ಪತ್ತು ನಿಮಿಷ ಕೊಟ್ಟರು. ಅದರಲ್ಲಿ ಹದಿನೆಂಟು ನಿಮಿಷ ನಾನು ಶೌಚಾಲಯದ ಸರದಿಯಲ್ಲಿದ್ದೆ. ನನ್ನ ಫೋನು ಇವರ ಜೇಬಿನಲ್ಲಿ, "ನೀನು ಕಳೆಯುತ್ತೀಯೆ" ಎಂದು ಬೆಳಿಗ್ಗೆಯೇ ಜಪ್ತಿಯಾಗಿತ್ತು. ಹೊರಗೆ ಬಂದು ನೋಡಿದರೆ ಹತ್ತಾರು ಕಪ್ಪು ವ್ಯಾನು, ಎಲ್ಲವೂ ಅವಳಿ ಜವಳಿ. ನಮ್ಮದು ಮಾತ್ರ ಇಲ್ಲ.

ನಡೆದದ್ದು ಇಷ್ಟು. ಪೆರು ದೇಶದ ಒಬ್ಬ ಹೆಂಗಸು, ಹೆಚ್ಚು ಕಡಿಮೆ ನನ್ನದೇ ಎತ್ತರ, ನನ್ನದೇ ಬಣ್ಣ, ಕೊರಳಲ್ಲಿ ಅದೇ ಹಡಗಿನ ನೀಲಿ ಪಟ್ಟಿಯ ಕಾರ್ಡು, ತಲೆಯ ಮೇಲೆ ಕೆಂಪು ರಿಬ್ಬನ್ನಿನ ಟೋಪಿ, ತನ್ನ ವ್ಯಾನೆಂದು ತಿಳಿದು ನಮ್ಮದಕ್ಕೆ ಹತ್ತಿ, ಹಿಂದಿನ ಮೂಲೆಯಲ್ಲಿ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದ್ದಾಳೆ. ಪಕ್ಕದ ಮಾಮಿ ಆಗಲೇ ನಿದ್ದೆಯಲ್ಲಿ. ಇವರು ಹೆಬ್ಬೆರಳು ನೆಕ್ಕಿ ಎಣಿಸಿದ್ದಾರೆ. ಪೀಸಾದ ಪಾಠ ನೆನಪಿಟ್ಟು ತಮ್ಮನ್ನೂ ಸೇರಿಸಿಕೊಂಡಿದ್ದಾರೆ. "ಒಟ್ಟೊ!" ಎಂದು, ಹೊಸದಾಗಿ ಕಲಿತ ಇಟಾಲಿಯನ್ನಿನಲ್ಲಿ, ಚಾಲಕನ ಭುಜ ತಟ್ಟಿದ್ದಾರೆ.

ನಲವತ್ತು ವರ್ಷ ಒಟ್ಟಿಗೆ ಸಂಸಾರ ಮಾಡಿದವಳನ್ನು ಮುಖ ನೋಡಿ ಅಲ್ಲ, ಟೋಪಿ ನೋಡಿ ಜಮಾ ಮಾಡಿಕೊಂಡರು. ಅದೇ ನನ್ನ ಉರಿ.

ಮೊದಲ ಐದು ನಿಮಿಷ ಕಾಲು ನಡುಗಿದ್ದು ನಿಜ. ಆಮೇಲೆ ಎಲ್ಲಿಗೂ ಹೋಗದಿರುವುದೇ ಜಾಣತನವೆಂದು ಊರಿಗೆ ಮುಖ ಮಾಡಿರುವ ಮೆಟ್ಟಿಲ ಮೇಲೆ ಕೂತೆ. ಬಿಸಿಲು ಇಳಿಮುಖವಾಗಿತ್ತು. ಕೆಳಗೆ ಆರ್ನೊ, ಅದರ ಮೇಲೆ ಸೇತುವೆಗಳು ಒಂದರ ಹಿಂದೊಂದು, ಆಚೆಗೆ ಆ ಗುಮ್ಮಟ. ಬೆಳಿಗ್ಗೆಯಿಂದ ಒಳಲೆಯಲ್ಲಿ ಔಷಧಿ ಕುಡಿಸಿದ ಹಾಗೆ ಹನಿಹನಿಯಾಗಿ ಕೊಟ್ಟಿದ್ದ ಊರು ಅಲ್ಲಿ ಒಟ್ಟಾಗಿ ಬಿದ್ದುಕೊಂಡಿತ್ತು. ಯಾರೂ ಎಣಿಸುತ್ತಿರಲಿಲ್ಲ. ಯಾವುದೋ ಗಂಟೆ ಬಾರಿಸಿತು, ಅದಕ್ಕೆ ಇನ್ನೊಂದು ಗಂಟೆ ಸ್ವಲ್ಪ ತಡವಾಗಿ ಓಗೊಟ್ಟಿತು. ನದಿ ಹರಿದುಹೋಗುವ ದಿಕ್ಕಿನಲ್ಲಿ ಆ ಕೊಲ್ಹಾಪುರದ ಹುಡುಗ ಇದ್ದಾನಲ್ಲ ಎಂದು ನೆನಪಾಯಿತು. ನಮ್ಮ ಬೆಳಗಾವಿಯ ಮಗ್ಗುಲಿನ ಊರಿನವನು. ಅವನನ್ನು ಕರೆದೊಯ್ಯಲು ಯಾವ ವ್ಯಾನೂ ಹಿಂದಿರುಗಲಿಲ್ಲ. ಮದುವೆಯಾದ ಮೇಲೆ ನಾನು ಒಬ್ಬಳೇ ಒಂದು ಊರನ್ನು ನೋಡುತ್ತ ಕೂತದ್ದು ಅದೇ ಮೊದಲೇನೋ. ಇನ್ನೂ ಹತ್ತು ನಿಮಿಷ ಯಾರೂ ಬಾರದಿದ್ದರೂ ಆಗಬಹುದು ಅನ್ನಿಸಿತು. ಇದನ್ನು ಇವರಿಗೆ ಹೇಳಿಲ್ಲ.

ಅಷ್ಟರಲ್ಲಿ "ಸೆಟ್ಟೆ! ಸೆಟ್ಟೆ!" ಎಂದು ಒಬ್ಬ ಚಾಲಕ ಏಳು ಬೆರಳು ತೋರಿಸುತ್ತ ಕಟ್ಟೆಯ ತುಂಬ ಓಡಾಡುತ್ತಿದ್ದ. ನನ್ನ ಟೋಪಿ ಕಂಡದ್ದೇ ಅವನ ಮುಖ ಅರಳಿತು. "ಸಿನ್ಯೊರಾ!" ಎಂದು ತೋಳು ಹಿಡಿದು ವ್ಯಾನಿನ ಬಾಗಿಲವರೆಗೆ ಕರೆದೊಯ್ದ. ನಾನು ಹತ್ತಿ ಕೂತಿದ್ದರೆ ಅವನದೂ ಎಂಟು, ನಮ್ಮದೂ ಎಂಟು, ಎರಡೂ ಪುಸ್ತಕ ಟ್ಯಾಲಿ. ಲೆಕ್ಕಪರಿಶೋಧಕರು ಬಂದರೂ ತಪ್ಪು ಸಿಗುತ್ತಿರಲಿಲ್ಲ. ಒಳಗಿದ್ದ ಹುಡುಗಿಯೊಬ್ಬಳು "ಇವರು ನನ್ನ ಅಮ್ಮ ಅಲ್ಲ" ಎಂದು ಕಿರುಚಿದ್ದರಿಂದ ಲೋಕ ಉಳಿಯಿತು. ಕನಿಷ್ಠ ಒಂದು ವ್ಯಾನಿನಲ್ಲಾದರೂ ಮುಖ ನೋಡುವವರಿದ್ದರು. ಚಾಲಕರಿಗೆ ಪರಸ್ಪರ ಪರಿಚಯ. ಕೈ ಬೀಸಿ ಬೀಸಿ ನಾಲ್ಕು ಫೋನು ಮಾಡಿದ. ನಮ್ಮ ವ್ಯಾನು ಆಗಲೇ ಹೊರವಲಯದ ಸ್ಕಾಂಡಿಚ್ಚಿ ದಾಟಿ ಫಿ-ಪಿ-ಲಿ ಹಿಡಿದಿತ್ತಂತೆ.

ಅದು ಮರಳಿ ಗುಡ್ಡ ಹತ್ತಿದಾಗ ನಾನು ಹೊರಗೆ ಬಿಟ್ಟುಹೋದ ಜಾಗದಲ್ಲೇ ನಿಂತಿದ್ದೆ. ಬಾಗಿಲು ತೆರೆದದ್ದೇ ತಡ, ಪೆರುವಿನವಳು ಇಳಿಯುವುದಕ್ಕೂ ಕಾಯದೆ ಒಳಗೆ ನುಗ್ಗಿ, ಕೂರಲು ಜಾಗವಿಲ್ಲದೆ ಸೀಟುಗಳ ನಡುವೆ ಬಗ್ಗಿ ನಿಂತೆ. ಮುಂದಿನ ಸೀಟಿನಿಂದ ಇವರು ತಿರುಗಿದರು. ಕ್ಷಮಿಸು ಎನ್ನುತ್ತಾರೇನೋ ಎಂದು ಕಾದೆ. ಹೆಬ್ಬೆರಳು ನಾಲಿಗೆಯತ್ತ ಹೋಯಿತು. ತುಟಿ ಅಲುಗಿತು. ಸಂಜೆ ಪೆಟ್ಟಿಗೆಯಲ್ಲಿ ಹಣ ಕಡಿಮೆ ಬಿದ್ದರೆ ಹೇಗೋ, ಹೆಚ್ಚು ಬಂದರೂ ಅಷ್ಟೇ ಸಂಕಟ ಎಂದು ಇವರು ಹೇಳುತ್ತಿದ್ದರು. ಆ ಸಂಕಟ ಮುಖದ ಮೇಲೆ ಮೂಡಿತು.

"ಒಂಬತ್ತು" ಎಂದರು. "ಒಬ್ಬರು ಹೆಚ್ಚಾಗಿದ್ದಾರೆ."

ಕಣ್ಣು ನನ್ನ ಟೋಪಿಯಿಂದ ಅವಳ ಟೋಪಿಗೆ, ಅವಳ ಟೋಪಿಯಿಂದ ನನ್ನ ಟೋಪಿಗೆ ಓಡಾಡಿತು. ಯಾರನ್ನು ಇಳಿಸುತ್ತಾರೋ ನೋಡೋಣವೆಂದು ನಾನೂ ಸುಮ್ಮನೆ ನಿಂತೆ. ಕೊನೆಗೆ ಸೊಂಟ ನೋಯತೊಡಗಿದ್ದರಿಂದ ಟೋಪಿ ತೆಗೆದೆ.