ಗುಂಡಿ ಮುಚ್ಚಿದ ಮೇಲೆ ಉಳಿಯುವ ಕೆಲಸ

ಪಕ್ಕದ ಮನೆಯ ಅಜ್ಜಿ ರಸ್ತೆ ದಾಟುವ ಮುಂಚೆ ಊರುಗೋಲಿನ ತುದಿಯಿಂದ ನೆಲವನ್ನು ಒತ್ತಿ ನೋಡುತ್ತಾರೆ. ಬೀದಿ ಅಗೆಯಲು ಶುರುವಾದ ಮೇಲೆ ಬಂದ ಅಭ್ಯಾಸ ಅದು. ಮೊನ್ನೆ ಬೆಳಿಗ್ಗೆ ಹಾಗೆ ಒತ್ತಿದಾಗ ಕೋಲು ಒಂದು ಗೇಣು ಒಳಕ್ಕೆ ಇಳಿಯಿತು. ಮೇಲೆ ಒಣಗಿದ ಮಣ್ಣು, ಅದರ ಮೇಲೆ ಚೆಲ್ಲಿದ ಜಲ್ಲಿ. ನೋಡುವ ಕಣ್ಣಿಗೆ ಗಟ್ಟಿ ನೆಲವೇ. ಕೆಳಗೆ ಮಾತ್ರ ನೀರು ಕುಡಿದ ಕೆಸರು. ನಾನು ಓಡಿಹೋಗಿ ಅವರ ತೋಳು ಹಿಡಿದುಕೊಂಡೆ. ಅವರು ಕೋಲನ್ನು ಕಿತ್ತು, ತುದಿಗೆ ಮೆತ್ತಿದ ಕೆಸರನ್ನು ನೋಡುತ್ತಾ ಕೇಳಿದರು: “ಮಗಳೇ, ಇಲ್ಲಿ ಕೆಲಸ ಮುಗಿಯಿತು ಎಂದಿದ್ದರಲ್ಲವೇ?”

ಮುಗಿಯಿತು ಎಂದು ಹೇಳಿದ್ದು ನಿಜ. ಪೈಪು ಹಾಕಿಯಾಗಿತ್ತು, ಯಂತ್ರ ಹೊರಟುಹೋಗಿತ್ತು, ಅಡ್ಡ ಇಟ್ಟಿದ್ದ ಕಲ್ಲುಗಳನ್ನು ಪಕ್ಕಕ್ಕೆ ಸರಿಸಿದ್ದರು. ಆದರೆ ಬೀದಿ ಅಗೆಯುವ ಕೆಲಸ ಮುಗಿಯುವುದು ಪೈಪು ಕೂಡಿಕೊಂಡ ದಿನವಲ್ಲ. ಎಂಬತ್ತು ದಾಟಿದ ಒಬ್ಬರು ಕೋಲು ಊರದೆಯೂ ಆ ಜಾಗವನ್ನು ದಾಟಬಲ್ಲ ದಿನ. ಈ ಮಾತನ್ನು ನಾನು ಎರಡು ವರ್ಷಗಳಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಈಗ ಇಲ್ಲಿಯೂ ಬರೆಯುತ್ತಿದ್ದೇನೆ.

ಅಗೆಯುವುದಕ್ಕೆ ನನ್ನ ವಿರೋಧವಿಲ್ಲ. ಕುಡಿಯುವ ನೀರು ಬೇಕು, ಕೊಳಚೆ ಹರಿದುಹೋಗಬೇಕು, ಕೇಬಲ್ ಬರಬೇಕು. ಇವೆಲ್ಲ ನೆಲದ ಕೆಳಗೇ ಹೋಗಬೇಕು. ನನ್ನ ದೂರು ಇರುವುದು ಮುಚ್ಚುವ ರೀತಿಯ ಬಗ್ಗೆ. ನಮ್ಮ ಬೀದಿಯ ಕಂದಕವನ್ನು ಮುಚ್ಚಿದ ಮಧ್ಯಾಹ್ನ ನಾನು ಬಾಗಿಲಲ್ಲೇ ನಿಂತಿದ್ದೆ. ಆಳೆತ್ತರದ ಕಂದಕ. ಯಂತ್ರದ ತೊಟ್ಟಿ ಬದಿಯ ಮಣ್ಣಿನ ರಾಶಿಯನ್ನು ನಾಲ್ಕು ಸಲ ನೂಕಿತು, ನಮ್ಮ ಬಾಗಿಲ ಎದುರಿನಷ್ಟು ಕಂದಕ ತುಂಬಿತು. ಡಾಂಬರಿನ ಹೆಂಟೆ, ಒಡೆದ ಕಲ್ಲು, ಹಿಂದಿನ ರಾತ್ರಿಯ ಮಳೆಗೆ ನೆನೆದ ಮಣ್ಣು ಎಲ್ಲವೂ ಒಟ್ಟಿಗೇ ಒಳಗೆ ಹೋದವು. ಕೊನೆಗೆ ಯಂತ್ರ ತನ್ನ ಚಕ್ರವನ್ನು ಅದರ ಮೇಲೆ ಎರಡು ಬಾರಿ ಹಾಯಿಸಿತು. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ.

ಮಣ್ಣು ಹಾಗೆ ಗಟ್ಟಿಯಾಗುವುದಿಲ್ಲ. ಮೇಲೆ ಎಷ್ಟೇ ಭಾರ ಹಾಯಿಸಿದರೂ ಒತ್ತಡ ಮೇಲಿನ ಒಂದಷ್ಟು ಆಳಕ್ಕೆ ಮಾತ್ರ ಮುಟ್ಟುತ್ತದೆ. ಕೆಳಗಿನ ಮಣ್ಣಿನಲ್ಲಿ ಗಾಳಿಯ ಪೊಳ್ಳು ಹಾಗೆಯೇ ಉಳಿಯುತ್ತದೆ. ಆದ್ದರಿಂದಲೇ ಕಂದಕವನ್ನು ಪದರ ಪದರವಾಗಿ ತುಂಬಬೇಕು. ಹದಿನೈದು ಇಪ್ಪತ್ತು ಸೆಂಟಿಮೀಟರ್ ಮಣ್ಣು ಹಾಕುವುದು, ದಮ್ಮಸ್ಸು ಮಾಡುವುದು, ಮತ್ತೆ ಹಾಕುವುದು. ಮಣ್ಣಿನ ಹದವೂ ಮುಖ್ಯ. ತೀರಾ ಒಣಗಿದ್ದರೆ ಕಣಗಳು ಒಂದಕ್ಕೊಂದು ಒತ್ತಿ ಕೂರುವುದಿಲ್ಲ, ತೀರಾ ಒದ್ದೆಯಾಗಿದ್ದರೆ ನೀರೇ ಜಾಗ ಹಿಡಿದು ಕೂರುತ್ತದೆ. ನಡುವೆ ಒಂದು ಹದವಿದೆ, ಆಗಲೇ ಮಣ್ಣು ಅತಿ ಬಿಗಿಯಾಗಿ ಕೂಡಿಕೊಳ್ಳುವುದು. ಅಮೆರಿಕದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಇಂದಿಗೂ ಮಣ್ಣಿನ ಪರೀಕ್ಷೆಗೆ ಅವರದೇ ಹೆಸರಿದೆ. ತೊಂಬತ್ತು ವರ್ಷ ದಾಟಿದ ಈ ತಿಳಿವಳಿಕೆ ಒಂದು ಸಣ್ಣ ಊರಿನ ಕಂದಕಕ್ಕೆ ಇನ್ನೂ ಇಳಿದಿಲ್ಲ ಎನ್ನುವುದೇ ನನಗೆ ತಡೆಯಲಾಗದ ಸಂಗತಿ.

ಹೀಗೆ ಸಡಿಲವಾಗಿ ತುಂಬಿದ ಕಂದಕದ ಮೇಲೆ ಡಾಂಬರು ಹಾಕಿದರೂ ಅದು ಉಳಿಯುವುದಿಲ್ಲ. ಮೊದಲ ಮಳೆಗೆ ಮಣ್ಣು ಕುಸಿದು ರಸ್ತೆಯ ಉದ್ದಕ್ಕೂ ಒಂದು ತಗ್ಗು ಮೂಡುತ್ತದೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಬಿರುಕಿನಿಂದ ಒಳಗಿಳಿದು ಜಲ್ಲಿಗೆ ಅಂಟಿಕೊಂಡ ಡಾಂಬರನ್ನು ಬಿಡಿಸುತ್ತದೆ, ಅಡಿಪಾಯವನ್ನು ಮೆದುವಾಗಿಸುತ್ತದೆ. ಹಾದುಹೋಗುವ ಪ್ರತಿ ಚಕ್ರವೂ ಆ ನೀರನ್ನು ಒತ್ತಿ ಹೊರಗೆ ಚಿಮ್ಮಿಸುತ್ತದೆ, ಅದರೊಂದಿಗೆ ಸಣ್ಣ ಕಣಗಳೂ ಎದ್ದು ಹೋಗುತ್ತವೆ. ಹೊಂಡ ಹುಟ್ಟುವುದು ಹೀಗೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಜಾನ್ ಮೆಕಾಡಂ ಎರಡು ಶತಮಾನಗಳ ಹಿಂದೆಯೇ ಹೇಳಿದ್ದು ಇದನ್ನೇ: ಭಾರ ಹೊರುವುದು ಕೆಳಗಿನ ನೆಲ, ಆ ನೆಲವನ್ನು ಒಣಗಿಸಿಟ್ಟರೆ ರಸ್ತೆ ಉಳಿಯುತ್ತದೆ. ಆದ್ದರಿಂದ ರಸ್ತೆಯ ಬಗ್ಗೆ ಯಾರು ಏನು ಭರವಸೆ ಕೊಟ್ಟರೂ ನಾನು ಕೇಳುವ ಮೊದಲ ಪ್ರಶ್ನೆ, ಮಳೆಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದು.

ತೇಪೆ ಹಾಕುವುದಕ್ಕೂ ಒಂದು ಕ್ರಮವಿದೆ. ಹೊಂಡದ ಅಂಚನ್ನು ಗಟ್ಟಿ ಭಾಗ ಸಿಗುವವರೆಗೆ ನೇರವಾಗಿ ಕತ್ತರಿಸಬೇಕು, ಒಳಗಿನ ನೀರು ಮತ್ತು ಧೂಳನ್ನು ತೆಗೆಯಬೇಕು, ತಳಕ್ಕೂ ಅಂಚಿಗೂ ಡಾಂಬರಿನ ತೆಳು ಲೇಪ ಕೊಡಬೇಕು, ಆಮೇಲೆ ಮಿಶ್ರಣ ತುಂಬಿ ಒತ್ತಬೇಕು. ನೀರು ನಿಂತ ಹೊಂಡಕ್ಕೆ ಬುಟ್ಟಿಯಿಂದ ಮಿಶ್ರಣ ಸುರಿದು ಸಲಿಕೆಯ ಬೆನ್ನಿನಿಂದ ತಟ್ಟಿದರೆ ಅದು ವಾರದೊಳಗೆ ಕಿತ್ತುಬರುತ್ತದೆ. ಹಾಗೆ ಕಿತ್ತುಬಂದ ಜಲ್ಲಿ ರಸ್ತೆಯ ಮೇಲೆ ಹರಡಿಕೊಂಡಾಗ ಹೊಂಡಕ್ಕಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಹೊಂಡವಾದರೂ ಕಣ್ಣಿಗೆ ಬೀಳುತ್ತದೆ.

ಸಣ್ಣ ಊರಿಗೆ ಈ ಸಂಕಟ ಹೆಚ್ಚು ತಟ್ಟುವುದಕ್ಕೆ ಕಾರಣವಿದೆ. ದೊಡ್ಡ ನಗರದಲ್ಲಿ ಒಂದು ರಸ್ತೆ ಮುಚ್ಚಿದರೆ ಸುತ್ತಿಬಳಸಿ ಹೋಗಲು ಇನ್ನೊಂದಿರುತ್ತದೆ. ಸಣ್ಣ ಊರಿನಲ್ಲಿ ಶಾಲೆಗೆ, ಆಸ್ಪತ್ರೆಗೆ, ಬಸ್ಸಿಗೆ ಎಲ್ಲಕ್ಕೂ ಇರುವುದು ಅದೊಂದೇ ಬೀದಿ. ಅದನ್ನು ಅಗೆದರೆ ಊರು ಎರಡು ಹೋಳಾಗುತ್ತದೆ. ಆಗ ವಾಹನಗಳನ್ನು ಹಿಂದಿನ ಓಣಿಗೆ ತಿರುಗಿಸುತ್ತಾರೆ. ಆ ಓಣಿ ಸೈಕಲ್ಲು, ಬೈಕು, ನಡೆದು ಹೋಗುವವರಿಗಾಗಿ ಮಾಡಿದ್ದು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆಗಳ ಮೇಲೆ ಲಾರಿಗಳನ್ನು ಓಡಿಸಿಯೇ ಒಂದು ದೊಡ್ಡ ಪರೀಕ್ಷೆ ನಡೆಯಿತು. ಅದರಿಂದ ಹೊರಬಂದ ಲೆಕ್ಕದ ಪ್ರಕಾರ ಚಕ್ರಗಳ ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಹೆಚ್ಚುಕಡಿಮೆ ಹದಿನಾರು ಪಟ್ಟು. ಅಂದಮೇಲೆ ತುಂಬಿದ ಲಾರಿಗಳನ್ನು ಒಂದು ತಿಂಗಳು ಓಣಿಗೆ ಬಿಟ್ಟರೆ ಓಣಿಯ ಗತಿ ಏನಾಗಬೇಕು? ಮುಖ್ಯ ಬೀದಿಯ ಕೆಲಸ ಮುಗಿಯುವ ಹೊತ್ತಿಗೆ ಹಿಂದಿನ ಓಣಿ ಹಾಳಾಗಿರುತ್ತದೆ, ಅದನ್ನು ಸರಿಪಡಿಸುವ ಮಾತು ಯಾವ ಕಾಗದದಲ್ಲೂ ಇರುವುದಿಲ್ಲ. ಬದಲಿ ದಾರಿಯ ದುರಸ್ತಿಯೂ ಆ ಕೆಲಸದ ಭಾಗವೆಂದು ಮೊದಲೇ ಬರೆದಿರಬೇಕು.

ಇನ್ನು ಒಂದೇ ಬೀದಿಯನ್ನು ಮೂರು ಸಲ ಅಗೆಯುವುದು. ನಮ್ಮಲ್ಲಿ ಮೊದಲು ನೀರಿಗೆ ಅಗೆದರು, ಆಮೇಲೆ ಒಳಚರಂಡಿಗೆ, ಕೊನೆಗೆ ಕೇಬಲ್ಲಿಗೆ. ಈ ಮೂರು ಕೆಲಸದವರು ಒಂದು ಮೇಜಿನ ಸುತ್ತ ಅರ್ಧ ದಿನ ಕುಳಿತಿದ್ದರೆ ಎರಡು ಅಗೆತ ತಪ್ಪುತ್ತಿತ್ತು. ಒಮ್ಮೆ ಕತ್ತರಿಸಿದ ರಸ್ತೆಯನ್ನು ಎಷ್ಟೇ ಚೆನ್ನಾಗಿ ಮುಚ್ಚಿದರೂ ಹಳೆಯ ಡಾಂಬರು ಮತ್ತು ಹೊಸ ಡಾಂಬರಿನ ನಡುವೆ ಒಂದು ಗೆರೆ ಉಳಿಯುತ್ತದೆ, ನೀರು ಮೊದಲು ಹುಡುಕುವುದು ಆ ಗೆರೆಯನ್ನೇ.

ಬೇಗ ಮಾಡಿ, ಚೆನ್ನಾಗಿಯೂ ಮಾಡುವುದು ಸಾಧ್ಯವೇ ಎಂದು ಕೇಳುವವರಿಗೆ ನಾನು ಜಪಾನಿನ ಫುಕುವೊಕಾ ನಗರದ ಮಾತು ಹೇಳುತ್ತೇನೆ. 2016ರ ನವೆಂಬರಿನಲ್ಲಿ ಅಲ್ಲಿನ ಹಕಾಟಾ ರೈಲು ನಿಲ್ದಾಣದ ಬಳಿ, ಸುರಂಗದ ಕೆಲಸ ನಡೆಯುತ್ತಿದ್ದ ಜಾಗದಲ್ಲಿ, ಸುಮಾರು ಮೂವತ್ತು ಮೀಟರ್ ಉದ್ದಕ್ಕೆ ರಸ್ತೆ ಕುಸಿಯಿತು. ಹದಿನೈದು ಮೀಟರ್ ಆಳ. ಒಂದೇ ವಾರದಲ್ಲಿ ತುಂಬಿ, ಕೊಳವೆ ಮತ್ತು ತಂತಿಗಳನ್ನು ಜೋಡಿಸಿ, ಸಂಚಾರಕ್ಕೆ ಬಿಟ್ಟರು. ಅದೇ ತಿಂಗಳ ಕೊನೆಯಲ್ಲಿ ಆ ಜಾಗ ಕೆಲವು ಸೆಂಟಿಮೀಟರ್ ತಗ್ಗಿತು. ಕೂಡಲೇ ಸಂಚಾರ ನಿಲ್ಲಿಸಿ, ಪರೀಕ್ಷಿಸಿ, ಮತ್ತೆ ಬಿಟ್ಟರು. ಒಂದು ವಾರದ ವೇಗವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾದದ್ದು ಆ ಎರಡನೆಯ ಸಂಗತಿ. ಮುಚ್ಚಿದ ಮೇಲೂ ಅವರು ಅದನ್ನು ಕಾಯುತ್ತಿದ್ದರು.

ಕತ್ತಲಾದ ಮೇಲೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಕಂದಕದ ಸುತ್ತ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಮೂರನೆಯ ದಿನಕ್ಕೆ ಹರಿದು ನೆಲದಲ್ಲಿ ಹೊರಳಾಡುತ್ತಿರುತ್ತದೆ. ಬೆಳಕು ಬಿದ್ದರೆ ಹೊಳೆಯುವ ಫಲಕ ಇರುವುದಿಲ್ಲ. ಇದ್ದರೂ ಅದು ಕಂದಕದ ಬಾಯಿಯಲ್ಲೇ ಇರುತ್ತದೆ, ಚಾಲಕನಿಗೆ ಕಾಣುವಷ್ಟರಲ್ಲಿ ಬ್ರೇಕ್ ಹಿಡಿಯಲು ದೂರ ಉಳಿದಿರುವುದಿಲ್ಲ. ಕಣ್ಣು ಕಾಣದವರಿಗೆ ಪಟ್ಟಿಯೂ ಒಂದೇ, ಫಲಕವೂ ಒಂದೇ. ಅವರ ಕೋಲಿಗೆ ತಾಗುವಂತೆ ನೆಲದ ಮಟ್ಟದಲ್ಲಿ ಗಟ್ಟಿಯಾದ ಅಡ್ಡ ಇರಬೇಕು. ಅಂಧರು ಕಾಲಿನಿಂದಲೇ ದಾರಿ ಅರಿಯುವಂಥ ಉಬ್ಬು ಹಾಸನ್ನು ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ರೂಪಿಸಿದರು. 1967ರಲ್ಲಿ ಒಕಾಯಾಮಾದ ಅಂಧರ ಶಾಲೆಯ ಬಳಿ ಅದನ್ನು ಮೊದಲು ಹಾಸಲಾಯಿತು. ಇಂದು ಜಗತ್ತಿನ ಎಷ್ಟೋ ಊರುಗಳಲ್ಲಿ ಅದು ಇದೆ. ಆದರೆ ಅಗೆಯುವವರು ಮೊದಲು ಕಿತ್ತುಹಾಕುವುದು ಅದನ್ನೇ, ಮರಳಿ ಹಾಕುವಾಗ ಉಬ್ಬುಗೆರೆಗಳು ಯಾವ ದಿಕ್ಕಿಗೆ ತಿರುಗಿವೆ ಎಂದು ನೋಡುವವರಿಲ್ಲ. ದಿಕ್ಕು ತಪ್ಪಿದ ಹಾಸು ಆ ನಡೆಯುವವರನ್ನು ನೇರವಾಗಿ ವಾಹನಗಳ ನಡುವೆ ಕರೆದೊಯ್ಯಬಹುದು.

ಕಂದಕದ ಒಳಗೆ ಇಳಿದು ಕೆಲಸ ಮಾಡುವವರ ಬಗ್ಗೆ ನಾವು ಯಾರೂ ಮಾತನಾಡುವುದಿಲ್ಲ. ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು ಒಂದೂವರೆ ಟನ್. ಬದಿ ಕುಸಿದರೆ ಎದೆಯ ಮಟ್ಟದ ಮಣ್ಣೂ ಉಸಿರು ಕಟ್ಟಿಸಲು ಸಾಕು. ಎತ್ತಿಹಾಕಿದ ಮಣ್ಣಿನ ರಾಶಿಯನ್ನು ಕಂದಕದ ಅಂಚಿನಲ್ಲೇ ಬಿಟ್ಟರೆ ಆ ಅಪಾಯ ಹೆಚ್ಚುತ್ತದೆ. ಹಲಗೆ ಕೊಟ್ಟು ಬದಿಗಳನ್ನು ಆನಿಸದೆ ಆಳೆತ್ತರದ ಕಂದಕಕ್ಕೆ ಮನುಷ್ಯರನ್ನು ಇಳಿಸಬಾರದು. ನಮ್ಮ ಬೀದಿಯಲ್ಲಿ ಇಳಿಸಿದ್ದರು. ನಾನು ಮೇಸ್ತ್ರಿಯನ್ನು ಕೇಳಿದಾಗ ಒಳಗಿದ್ದ ಹುಡುಗ ತಲೆಯೆತ್ತಿ, “ಅಕ್ಕಾ, ಎರಡೇ ದಿನದ ಕೆಲಸ” ಎಂದ. ಆ ಎರಡು ದಿನವೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಕೆಲಸ ತಡವಾಗುತ್ತಿದೆ ಎಂದು ನಾವು ಕೂಗಾಡುವಾಗ ಅದರ ಒತ್ತಡ ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂಬುದು ಆಗ ಅರ್ಥವಾಯಿತು. ನಾನು ಕೇಳುವುದು ಬೇಗ ಮಾಡಿ ಎಂದಲ್ಲ.

ಈ ನಡುವೆ ನಾವು ಬದುಕಬೇಕಲ್ಲ, ಹಾಗಾಗಿ ಕಲಿತದ್ದನ್ನು ಹೇಳುತ್ತೇನೆ. ನೀರು ತುಂಬಿದ ಹೊಂಡದ ಆಳ ಯಾರಿಗೂ ಗೊತ್ತಿರುವುದಿಲ್ಲ, ನಿನ್ನೆ ದಾಟಿದವರಿಗೂ ಇಲ್ಲ. ಬೈಕಿನಲ್ಲಿ ಸಡಿಲ ಜಲ್ಲಿಗೆ ಬರುವ ಮೊದಲೇ ವೇಗ ಇಳಿಸಿ, ಜಲ್ಲಿಯ ಮೇಲೆ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿಯಬೇಡಿ, ಅಲ್ಲಿ ತಿರುಗಬೇಡಿ. ಕಂದಕದ ಮೇಲೆ ಹಾಸಿದ ಕಬ್ಬಿಣದ ಹಲಗೆ ಮಳೆಯಲ್ಲಿ ಜಾರುತ್ತದೆ, ಅದನ್ನು ನೇರವಾಗಿ ದಾಟಿ. ಹೊಂಡ ತಪ್ಪಿಸಲು ಹಠಾತ್ತನೆ ಪಕ್ಕಕ್ಕೆ ಎಳೆಯುವುದು ಹೊಂಡದಲ್ಲಿ ನಿಧಾನವಾಗಿ ಇಳಿದು ಏಳುವುದಕ್ಕಿಂತ ಕೆಟ್ಟದ್ದು. ಹಿಂದಿನಿಂದ ಬರುವವರಿಗೆ ನಿಮ್ಮ ಮನಸ್ಸು ತಿಳಿಯುವುದಿಲ್ಲ. ಮಕ್ಕಳಿಗೆ ಮಣ್ಣಿನ ರಾಶಿ ಆಟದ ಜಾಗವಲ್ಲ ಎಂದು ಒಮ್ಮೆ ಹೇಳಿದರೆ ಸಾಲದು, ದಿನವೂ ಹೇಳಬೇಕು.

ಹೊಂಡಕ್ಕೆ ನಾವೇ ಕಟ್ಟಡದ ಚೂರು ತಂದು ಸುರಿಯುವುದುಂಟು. ಹಾಗೆ ಮಾಡುವವರ ಒಳ್ಳೆಯ ಮನಸ್ಸನ್ನು ನಾನು ಗೌರವಿಸುತ್ತೇನೆ, ನಾನೂ ಸುರಿದಿದ್ದೇನೆ. ಆದರೆ ಇಟ್ಟಿಗೆ ಪುಡಿಯಾಗುತ್ತದೆ, ಚೂಪು ಚೂರುಗಳು ಚಕ್ರಕ್ಕೆ ಸಿಕ್ಕಿ ಹಾರುತ್ತವೆ, ಚರಂಡಿಯ ಬಾಯಿ ಕಟ್ಟುತ್ತದೆ. ಅದಕ್ಕಿಂತ ಉಪಯೋಗಕ್ಕೆ ಬರುವುದು ಸರಿಯಾಗಿ ಬರೆದ ದೂರು. “ರಸ್ತೆ ಕೆಟ್ಟಿದೆ” ಎಂದು ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಯಾವ ಕಂಬದ ಎದುರು, ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ, ಯಾವ ದಿನದಿಂದ ಎಂದು ಬರೆಯಬೇಕು. ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಡಬೇಕು. ಹದಿನೈದು ದಿನಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಇನ್ನೊಂದು ಫೋಟೊ. ತಗ್ಗು ಬೆಳೆಯುತ್ತಿರುವುದು ಕಣ್ಣಿಗೆ ಕಂಡಾಗ ಅದನ್ನು ಇಲ್ಲವೆನ್ನುವುದು ಯಾರಿಗೂ ಸುಲಭವಲ್ಲ.

ಅಜ್ಜಿಯ ಕೋಲು ಇಳಿದ ಜಾಗದ ಬಗ್ಗೆ ಹಾಗೆಯೇ ಬರೆದುಕೊಟ್ಟೆವು. ಹನ್ನೊಂದು ಮನೆಯವರು ಸಹಿ ಹಾಕಿದರು. ಕೋಲಿನ ಮೇಲೆ ಕೆಸರು ಎಲ್ಲಿಯವರೆಗೆ ಮೆತ್ತಿತ್ತೋ ಅಲ್ಲಿಯವರೆಗಿನ ಅಳತೆಯೂ ಅದರಲ್ಲಿತ್ತು. ನಿನ್ನೆ ಇಬ್ಬರು ಕೆಲಸಗಾರರು ಬಂದರು, ಜೊತೆಗೆ ದಮ್ಮಸ್ಸು ಮಾಡುವ ಸಣ್ಣ ಯಂತ್ರ. ಒದ್ದೆ ಮಣ್ಣನ್ನು ಪೂರ್ತಿ ಹೊರತೆಗೆದು, ಬೇರೆ ಒಣ ಮಣ್ಣು ತಂದು, ಅದಕ್ಕೆ ಕೈಯಿಂದ ನೀರು ಚಿಮುಕಿಸಿ, ಪದರ ಪದರವಾಗಿ ಹಾಕಿದರು. ಯಂತ್ರ ಕುಟ್ಟುವ ಸದ್ದಿಗೆ ಮನೆಯ ಗಾಜುಗಳು ಅದುರುತ್ತಿದ್ದವು. ಅಜ್ಜಿ ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೊನೆಯ ಪದರದವರೆಗೂ ನೋಡಿದರು, ಆಮೇಲೆ ಇಳಿದುಬಂದು ಕೋಲನ್ನು ಒತ್ತಿದರು. ಕೋಲು ಇಳಿಯಲಿಲ್ಲ.

ಸರಿಯಾದದ್ದು ಆರು ಹೆಜ್ಜೆಯಷ್ಟು ಜಾಗ. ಬೀದಿಯ ತುದಿಯವರೆಗೆ ಇನ್ನೂ ನೂರಾ ನಲವತ್ತು ಹೆಜ್ಜೆಯಷ್ಟು ಕಂದಕವಿದೆ, ಎಲ್ಲವನ್ನೂ ಅದೇ ಮಧ್ಯಾಹ್ನ ಅದೇ ರೀತಿ ಮುಚ್ಚಿದ್ದು. ಸೋಮವಾರ ಬೆಳಿಗ್ಗೆ ಏಳಕ್ಕೆ ಅಳತೆಪಟ್ಟಿ ಹಿಡಿದು ಆ ತುದಿಯಿಂದ ಶುರುಮಾಡುತ್ತೇನೆ. ಬರೆದುಕೊಳ್ಳಲು ಒಬ್ಬರು, ಫೋಟೊ ತೆಗೆಯಲು ಒಬ್ಬರು ಬೇಕು. ಬರುವವರು ತಿಳಿಸಿ.