ಮುಷ್ಕರ ಬೇರೆ, ಪ್ರತಿಭಟನೆ ಬೇರೆ

‘ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿರುವಾಗ ಸಂಘದ ಹೆಸರಿನಲ್ಲಿ ಬೀದಿಗಿಳಿಯುವುದೇ ಕಾನೂನುಬಾಹಿರ’ ಎಂದು ಲೇಖನವೊಂದರಲ್ಲಿ ಲೇಖಕರು ಮಂಡಿಸಿರುವ ವಾದವನ್ನು ಒಪ್ಪಲಾಗದು. ತಮಿಳುನಾಡು ಸರ್ಕಾರ ಸುಮಾರು 1.7 ಲಕ್ಷ ನೌಕರರನ್ನು ಒಮ್ಮೆಲೇ ವಜಾ ಮಾಡಿದ ಸಂದರ್ಭದ ಆ ತೀರ್ಪು ಮುಷ್ಕರಕ್ಕೆ ನೈತಿಕ ಹಕ್ಕೂ ಇಲ್ಲವೆಂದದ್ದು ನಿಜ (ನನಗೆ ಅದು ಅತಿಯಾಯಿತು ಎನಿಸುತ್ತದೆ). ಆದರೆ ಲೇಖಕರು 1962ರ ಕಾಮೇಶ್ವರ ಪ್ರಸಾದ್ ಪ್ರಕರಣವನ್ನು ಪ್ರಸ್ತಾಪಿಸಿಯೇ ಇಲ್ಲ. ಬಿಹಾರ ಸರ್ಕಾರದ ನಡತೆ ನಿಯಮ ಮುಷ್ಕರ ಮತ್ತು ಪ್ರತಿಭಟನಾ ಪ್ರದರ್ಶನ ಎರಡನ್ನೂ ನಿಷೇಧಿಸಿದ್ದಾಗ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಮುಷ್ಕರದ ನಿಷೇಧವನ್ನು ಉಳಿಸಿಕೊಂಡು, ಶಾಂತಿಯುತ ಪ್ರದರ್ಶನವನ್ನೂ ಸೇರಿಸಿ ಎಲ್ಲ ಬಗೆಯ ಪ್ರದರ್ಶನಗಳನ್ನು ತಡೆಯುವ ಭಾಗವನ್ನು ರದ್ದುಪಡಿಸಿತು. ಸರ್ಕಾರದ ಮಾನ್ಯತೆ ಇಲ್ಲದ ಸಂಘಕ್ಕೆ ಸೇರಬಾರದೆಂಬ ಕೇಂದ್ರದ ನಿಯಮವೂ ಅದೇ ವರ್ಷ ಘೋಷ್–ಜೋಸೆಫ್ ಪ್ರಕರಣದಲ್ಲಿ ಬಿದ್ದುಹೋಯಿತು.

ನಾನು ಸಾರಿಗೆ ನಿಗಮವೊಂದರ ನಿವೃತ್ತ ಕಂಡಕ್ಟರ್. ಡ್ಯೂಟಿ ಮುಗಿಸಿ, ಕ್ಯಾಷ್ ಕಟ್ಟಿ, ಡಿಪೊ ಗೇಟಿನ ಹೊರಗೆ ಅರ್ಧ ಗಂಟೆ ಸಭೆ ಸೇರಿದ್ದ ನಮ್ಮಲ್ಲಿ ಮೂವರಿಗೆ ವಾರದೊಳಗೆ ವರ್ಗಾವಣೆ ಆದೇಶ ಬಂದಿತ್ತು. ಅಂದು ಒಂದು ಬಸ್ಸೂ ನಿಂತಿರಲಿಲ್ಲ, ಒಂದು ಟ್ರಿಪ್ಪೂ ತಪ್ಪಿರಲಿಲ್ಲ. ಲೇಖಕರ ಲೆಕ್ಕದಲ್ಲಿ ಆ ಸಭೆಯೂ ಮುಷ್ಕರವೇ ಆಗುತ್ತದೆಯೇ?