ಮಂಡ್ಯ ಲೈನಿಗೆ ಕರೆಂಟ್ ಬಂತು, ಡೀಸೆಲ್ ಇನ್ನೂ ಹೋಗಿಲ್ಲ

ಹೈಡ್ರೋಜನ್ ರೈಲಿನ ವಿಡಿಯೋ ಮತ್ತೆ ಓಡಾಡುತ್ತಿದೆ. ನಮ್ಮ ಮಂಡ್ಯದ ರೈಲು ಪಾಸ್‌ನವರ ಗುಂಪಿನಲ್ಲೂ ಯಾರೋ ಹಾಕಿದ್ದರು. ಹೊಗೆ ಇಲ್ಲ, ಬರೀ ನೀರಿನ ಆವಿ, ನಮ್ಮ ಲೈನಿಗೆ ಯಾವಾಗ ಅಂತ.

ನಮ್ಮ ಬೆಂಗಳೂರು-ಮೈಸೂರು ಲೈನಿಗೆ ಅದು ಬೇಡ ಕಣ್ರೀ. ತಲೆ ಮೇಲೆ ಕರೆಂಟ್ ತಂತಿ ಇದೆಯಲ್ಲ. ಕರೆಂಟ್‌ನಿಂದ ಹೈಡ್ರೋಜನ್ ಮಾಡಿ, ಅದನ್ನು ಒತ್ತಿ ಸಿಲಿಂಡರಿಗೆ ತುಂಬಿ, ರೈಲಿನೊಳಗೆ ಮತ್ತೆ ಕರೆಂಟ್ ಮಾಡುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಶಕ್ತಿ ದಾರಿಯಲ್ಲೇ ಹೋಗಿರುತ್ತದೆ. ಜರ್ಮನಿಯಲ್ಲಿ 2018ರಲ್ಲಿ ಇಂಥ ರೈಲು ಜನರನ್ನು ಹತ್ತಿಸಿಕೊಂಡು ಓಡಿತು, ಆದರೆ ತಂತಿ ಇಲ್ಲದ ಬ್ರಾಂಚ್ ಲೈನಿನಲ್ಲಿ, ಡೀಸೆಲ್ ರೈಲಿನ ಬದಲಿಗೆ. ನಮ್ಮಲ್ಲಿ ಹರಿಯಾಣದ ಜಿಂದ್-ಸೋನಿಪತ್ ಮಾರ್ಗವನ್ನು ಪ್ರಯೋಗಕ್ಕೆ ಆರಿಸಿದ್ದಾರೆ. ಆಗಲಿ, ಒಳ್ಳೆಯದೇ. ನನ್ನ ತಕರಾರು ಬೇರೆ: ಹೊಸ ರೈಲಿನ ಬಗ್ಗೆ ಇಷ್ಟು ಮಾತಾಡುವ ನಾವು, ಇನ್ನೂ ಓಡುತ್ತಿರುವ ಹಳೇ ಡೀಸೆಲ್ ಇಂಜಿನ್ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಡೀಸೆಲ್ ಕಾಲದಲ್ಲಿ ಮುಂದಿನ ಜನರಲ್ ಬೋಗಿಯಲ್ಲಿ ಓಡಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಸ್ಟೇಷನ್ ಬಿಡುವಾಗ ಲೋಕೋ ಪೈಲಟ್ ನಾಚ್ (ಇಂಜಿನ್ ಶಕ್ತಿಯ ಹಂತ) ಏರಿಸುತ್ತಿದ್ದ ಹಾಗೇ, ಆ ಹಳೇ, ಆಲ್ಕೋ ಅನ್ನುವ ಅಮೆರಿಕ ಕಂಪನಿ ಮಾದರಿಯ ಇಂಜಿನ್‌ಗಳಲ್ಲಿ ಟರ್ಬೋ ಇನ್ನೂ ಸಾಕಷ್ಟು ಗಾಳಿ ಕೊಡುವ ಮೊದಲೇ ಡೀಸೆಲ್ ಜಾಸ್ತಿ ಬಿದ್ದು, ಪೂರ್ತಿ ಸುಡದೆ ಉಳಿದದ್ದೆಲ್ಲ ಕಪ್ಪು ಹೊಗೆಯಾಗಿ ಪ್ಲಾಟ್‌ಫಾರಂ ಶೀಟಿಗೆ ಬಡಿದು ನೇರ ನಮ್ಮ ಕಿಟಕಿಗೆ ಬರುತ್ತಿತ್ತು. ಬೆಂಗಳೂರಲ್ಲಿ ಇಳಿದು ಕರ್ಚೀಫಿನಿಂದ ಮೂಗು ಒರೆಸಿದರೆ ಕಪ್ಪು. ಬಿಳಿ ಶರ್ಟಿನ ಕಾಲರಿನ ಕಥೆ ಹೇಳುವುದೇ ಬೇಡ. ಜನರಲ್ ಬೋಗಿ ಇರುವುದು ರೈಲಿನ ತುದಿಯಲ್ಲಿ, ಇಂಜಿನ್ ಇರುವುದೂ ತುದಿಯಲ್ಲಿ. ಕಡಿಮೆ ದುಡ್ಡು ಕೊಟ್ಟವನಿಗೇ ಜಾಸ್ತಿ ಹೊಗೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ.

ಮೇನ್ ಲೈನಿನ ಮಟ್ಟಿಗೆ ಆ ಕಷ್ಟ ತೀರಿತು. ಜೋಡಿ ಹಳಿಗಾಗಿ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಶಸ್ತ್ರಾಗಾರವನ್ನೇ 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರಲ್ಲ, ಹೆಚ್ಚೂಕಮ್ಮಿ ಅದೇ ಹೊತ್ತಿಗೆ ತಂತಿಯೂ ಬಂತು. (ನಮ್ಮ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು 1902ರಲ್ಲಿ. ಮಂಡ್ಯದ ಮೇಲೆ ಹಾದುಹೋಗುವ ರೈಲಿಗೆ ಕರೆಂಟ್ ಸಿಗೋಕೆ ನೂರು ವರ್ಷ ದಾಟಿತು!) ಎಲ್‌ಎಚ್‌ಬಿ ಅನ್ನುವ ಹೊಸ ಮಾದರಿ ಬೋಗಿಗಳ ರೈಲುಗಳ ತುದಿಯಲ್ಲಿ ಎಸಿ, ಲೈಟಿಗೆಂದು ಡೀಸೆಲ್ ಜನರೇಟರಿನ ಪವರ್ ಕಾರ್ ಗಡಗಡ ಅನ್ನುತ್ತಿತ್ತು. ಈಗ ಆ ಕರೆಂಟನ್ನೂ ಇಂಜಿನ್ ಮೂಲಕ ಮೇಲಿನ ತಂತಿಯಿಂದಲೇ ಎಳೆಯುವ ವ್ಯವಸ್ಥೆ ಬಂದಿದೆ. ಯಾರೂ ಫೋಟೋ ಹಾಕದ ಬದಲಾವಣೆ, ಆದರೆ ಪಕ್ಕದ ಬೋಗಿಯವನಿಗೆ ವಂದೇ ಭಾರತ್‌ಗಿಂತ ಇದೇ ದೊಡ್ಡದು.

'ಆ ಕರೆಂಟೂ ಕಲ್ಲಿದ್ದಲಿಂದಲೇ ಬರೋದು ಅಲ್ವಾ' ಅಂತ ಕೇಳುವವರಿಗೆ: ಸುಮಾರು ಪಾಲು ಹೌದು. ಹೊಗೆ ನಮ್ಮನ್ನು ಬಿಟ್ಟು ರಾಯಚೂರಿನ ಶಕ್ತಿನಗರದಂಥ ಊರಿನವರ ಪಾಲಾಗಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ತಂತಿಗೆ ಪಾವಗಡದ ಬಿಸಿಲನ್ನೂ ಹರಿಸಬಹುದು, ಡೀಸೆಲ್ ಟ್ಯಾಂಕಿಗೆ ಅದು ಆಗುವುದಿಲ್ಲ. ಹೊಸ ತ್ರೀ-ಫೇಸ್ ಇಂಜಿನ್‌ಗಳು ಬ್ರೇಕ್ ಹಾಕುವಾಗ ಸ್ವಲ್ಪ ಕರೆಂಟ್ ವಾಪಸ್ಸೂ ಕೊಡುತ್ತವೆ.

ಇನ್ನು ಕಾನೂನಿನ ಮಾತು. ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಇರುವುದು ರಸ್ತೆ ಗಾಡಿಗೆ. ರೈಲು ಇಂಜಿನ್‌ಗೆ ಅದು ಅನ್ವಯಿಸುವುದಿಲ್ಲ. ಅಮೆರಿಕದಲ್ಲಿ ರೈಲು ಇಂಜಿನ್‌ಗೇ ಬೇರೆ ಮಿತಿ ಇದೆ, ಟಿಯರ್ 0ರಿಂದ ಟಿಯರ್ 4ರವರೆಗೆ. 2015ರಿಂದ ತಯಾರಾದ ಹೊಸ ಇಂಜಿನ್, ಒಂದು ಅಶ್ವಶಕ್ತಿ-ಗಂಟೆಗೆ 1.3 ಗ್ರಾಂ ನೈಟ್ರೋಜನ್ ಆಕ್ಸೈಡ್ (ಹೊಗೆಯಲ್ಲಿನ ವಿಷಾನಿಲ) ಮೀರುವಂತಿಲ್ಲ. ಅದರ ಹಿಂದಿನ ಹಂತದಲ್ಲಿ ಅದು 5.5 ಇತ್ತು. ಮಸಿ ಕಣದ ಮಿತಿ 0.10ರಿಂದ 0.03ಕ್ಕೆ ಇಳಿಯಿತು. ಎರಡನ್ನೂ ಒಟ್ಟಿಗೆ ಇಳಿಸುವುದು ಸುಲಭವಲ್ಲ. ಸಿಲಿಂಡರಿನ ಬಿಸಿ ತಗ್ಗಿಸಿದರೆ ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ, ಮಸಿ ಜಾಸ್ತಿಯಾಗುತ್ತದೆ. ಕಂಪನಿಗಳು ಒದ್ದಾಡಿ ಅಂಥ ಇಂಜಿನ್ ಮಾಡಿದವು ಕೂಡ.

ಆಮೇಲೆ ಆದದ್ದೇನು? ರೈಲು ಕಂಪನಿಗಳು ಹೊಸದನ್ನು ಕೊಳ್ಳುವುದನ್ನು ಕಮ್ಮಿ ಮಾಡಿ, ಹಳೆಯದನ್ನೇ ಬಿಚ್ಚಿ ರಿಪೇರಿ ಮಾಡಿ ಓಡಿಸತೊಡಗಿದವು. ರಿಪೇರಿಯಾದದ್ದಕ್ಕೂ ಮಿತಿ ಇದೆ, ಆದರೆ ತುಂಬಾ ಸಡಿಲ. ಬಿಎಸ್-6 ಬಂದು ರೇಟ್ ಏರಿದಾಗ ನಮ್ಮ ಕಡೆ ಕಬ್ಬಿನ ಲಾರಿಯವರು ಹಳೇ ಗಾಡಿಗೇ ಇಂಜಿನ್ ಬೋರ್ ಮಾಡಿಸಿ ಇನ್ನೊಂದಷ್ಟು ವರ್ಷ ತಳ್ಳಿದ ಹಾಗೇ. ಕ್ಯಾಲಿಫೋರ್ನಿಯಾದವರು ಇದನ್ನು ನೋಡಿ 2023ರಲ್ಲಿ ಹಳೆಯದಕ್ಕೇ ಕೈ ಹಾಕಿದರು: 2030ರಿಂದ 23 ವರ್ಷ ದಾಟಿದ ಇಂಜಿನ್ ಓಡಬಾರದು, 30 ನಿಮಿಷಕ್ಕಿಂತ ಜಾಸ್ತಿ ಸುಮ್ನೆ ಚಾಲೂ ಇಡಬಾರದು. ಇದಕ್ಕೆ ಬೇಕಿದ್ದ ಅಮೆರಿಕದ ಕೇಂದ್ರ ಸರ್ಕಾರದ ಒಪ್ಪಿಗೆ ಸಿಗುವ ಲಕ್ಷಣ ಕಾಣದೆ 2025ರ ಜನವರಿಯಲ್ಲಿ ಅರ್ಜಿ ವಾಪಸ್ ತೆಗೆದುಕೊಂಡರು. ಆದರೂ ಅವರು ಕೈ ಇಟ್ಟದ್ದು ಸರಿಯಾದ ಜಾಗದಲ್ಲೇ ಅಂತ ನನ್ನ ಅನಿಸಿಕೆ.

ನಮಗೆ ಅಷ್ಟು ದೊಡ್ಡ ಕಾನೂನೂ ಬೇಡ. ಬ್ರಾಡ್‌ಗೇಜ್ ಹೆಚ್ಚೂಕಮ್ಮಿ ಪೂರ್ತಿ ತಂತಿಯಡಿ ಬಂದಿದೆ. ಡೀಸೆಲ್‌ನಲ್ಲಿ ಉಳಿದಿರುವುದು ಹೆಚ್ಚಾಗಿ ಯಾರ್ಡಿನಲ್ಲಿ ಬೋಗಿ ಜೋಡಿಸುವ ಶಂಟಿಂಗ್ ಇಂಜಿನ್, ಸರಕು ತುಂಬಿ ಇಳಿಸುವ ಗೂಡ್ಸ್ ಸೈಡಿಂಗ್, ಹಳಿಗೆ ಜಲ್ಲಿ ಸಾಗಿಸುವ ಗಾಡಿ ಇಂಥವು. ಇವು ನಿಲ್ಲುವುದು ಊರ ನಡುವೆ, ಮನೆಗಳ ಹಿತ್ತಲಲ್ಲಿ. ಈಚೆಗೆ ಒಂದು ಸಣ್ಣ ಸ್ಟೇಷನ್‌ನಲ್ಲಿ ಕ್ರಾಸಿಂಗಿಗೆ ಕಾಯುತ್ತಾ ಕೂತಿದ್ದೆ. ಪಕ್ಕದ ಲೈನಿನಲ್ಲಿ ಡೀಸೆಲ್ ಇಂಜಿನ್ ಒಂದು ಯಾವ ಕೆಲಸವೂ ಇಲ್ಲದೆ ಗುರುಗುಟ್ಟುತ್ತಿತ್ತು. ಕಾಂಪೌಂಡ್ ಆಚೆ ಒಬ್ಬ ಅಕ್ಕ ಒಣಗಲು ಹಾಕಿದ್ದ ಬಟ್ಟೆಯನ್ನೆಲ್ಲ ಬೈಯ್ಯುತ್ತಾ ಒಳಗೆ ಎಳೆದುಕೊಳ್ಳುತ್ತಿದ್ದರು. ಇಂಜಿನ್ ಆಫ್ ಮಾಡಿದರೆ ಬ್ರೇಕಿನ ಗಾಳಿ ಇಳಿಯುತ್ತದೆ, ಬ್ಯಾಟರಿ ಕೈಕೊಟ್ಟರೆ ಮತ್ತೆ ಸ್ಟಾರ್ಟ್ ಆಗಲ್ಲ ಅನ್ನುವ ಭಯವೂ ಸುಳ್ಳಲ್ಲ. ಅದಕ್ಕೇ ಅಲ್ವಾ ಎಪಿಯು ಅನ್ನುವ ಸಣ್ಣ ಇಂಜಿನ್ ಇರುವುದು? ದೊಡ್ಡದನ್ನು ಆರಿಸಿದಾಗ ಗಾಳಿ, ಬ್ಯಾಟರಿ ಎರಡನ್ನೂ ಅದೇ ನೋಡಿಕೊಳ್ಳುತ್ತದೆ, ಡೀಸೆಲ್ಲೂ ಉಳಿಯುತ್ತದೆ.

ಆದ್ದರಿಂದ ನಾನು ಕೇಳುವುದು ಇಷ್ಟೇ. ನಿಂತ ಇಂಜಿನ್‌ಗೆ ಒಂದು ಟೈಮ್ ಲಿಮಿಟ್ ಇರಲಿ. ಉಳಿದಿರುವ ಡೀಸೆಲ್‌ಗಳಲ್ಲಿ ಎಪಿಯು ಕೆಲಸ ಮಾಡುವ ಸ್ಥಿತಿಯಲ್ಲಿರಲಿ. ಶಂಟಿಂಗಿಗೆ ಬ್ಯಾಟರಿ ಇಂಜಿನ್ ಮೊದಲು ಊರ ನಡುವಿನ ಯಾರ್ಡುಗಳಿಗೆ ಬರಲಿ. ಲೋಕೋ ಶೆಡ್ಡಿನಲ್ಲಿ, ರನ್ನಿಂಗ್ ಸ್ಟಾಫಿನಲ್ಲಿ ಇರುವವರು ಯಾರಾದರೂ ಓದುತ್ತಿದ್ದರೆ, ಎಪಿಯು ಇದ್ದರೂ ಯಾಕೆ ದೊಡ್ಡ ಇಂಜಿನ್ನೇ ಚಾಲೂ ಇರುತ್ತದೆ ಅಂತ ಕೆಳಗೆ ಬರೆಯಿರಿ. ಬೈಯ್ಯೋಕೆ ಅಲ್ಲ, ರೈಲ್ವೆಗೆ ಅರ್ಜಿ ಬರೆಯುವ ಮೊದಲು ವಿಷಯ ಸರಿಯಾಗಿ ತಿಳಿದಿರಬೇಕು.